ವೆಟರನ್ಸ್ ಆಸ್ಪತ್ರೆಯಲ್ಲಿ ರಕ್ತನಾಳದ ಅಲ್ಟ್ರಾಸೌಂಡ್: ಪರೀಕ್ಷೆ ಪಾಸಾಗುವುದರಿಂದ ವರದಿ ಕಳಿಸುವವರೆಗೆ

ಭಾರತದಲ್ಲಿ ಅಲ್ಟ್ರಾಸೌಂಡ್ ಮಾಡುವವರು ವೈದ್ಯರು. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಬಂದ ಮೇಲಂತೂ ಯಂತ್ರ ಎಲ್ಲಿರಬೇಕು, ಅದನ್ನು ಯಾರು ಬಳಸಬೇಕು ಎಂಬುದಕ್ಕೆಲ್ಲ ಕಾನೂನಿನ ಬೇಲಿ ಬಿದ್ದಿದೆ. ಹಾಗಾಗಿ ಎಕ್ಸ್-ರೇ, ಸಿಟಿ, ಎಂಆರ್‌ಐ ತಂತ್ರಜ್ಞರು ಊರೂರಲ್ಲಿ ಸಿಕ್ಕರೂ ಅಲ್ಟ್ರಾಸೌಂಡ್ ತಂತ್ರಜ್ಞ ಎಂಬ ಸ್ವತಂತ್ರ ವೃತ್ತಿ ನಮ್ಮಲ್ಲಿ ಬೇರೂರಲಿಲ್ಲ. ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿ ಪ್ರೋಬ್ (ಮೈಮೇಲೆ ಆಡಿಸುವ, ಶಬ್ದತರಂಗ ಕಳಿಸುವ ಉಪಕರಣ) ಹಿಡಿದು ಇಡೀ ಪರೀಕ್ಷೆ ನಡೆಸುವುದು ತಂತ್ರಜ್ಞರು. ವೈದ್ಯರು ಆಮೇಲೆ, ಎಷ್ಟೋ ಸಲ ಬೇರೆ ಕಟ್ಟಡದಲ್ಲಿ ಕುಳಿತು, ಚಿತ್ರಗಳನ್ನು ನೋಡಿ ವರದಿಗೆ ಸಹಿ ಹಾಕುತ್ತಾರೆ. ತಂತ್ರಜ್ಞರು ಸೆರೆಹಿಡಿಯದೆ ಬಿಟ್ಟ ರೋಗ ಆ ವೈದ್ಯರ ಪಾಲಿಗೆ ಇಲ್ಲದ ರೋಗವೇ. ಈ ಮಾರ್ಗದರ್ಶಿಯ ಉಳಿದೆಲ್ಲ ಸಲಹೆಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿವೆ.

ಅಮೆರಿಕದ ಮಾಜಿ ಸೈನಿಕರ ಇಲಾಖೆಯನ್ನು ಎಲ್ಲರೂ ವಿಎ ಎನ್ನುತ್ತಾರೆ. ಅದರ ಕೈಕೆಳಗೆ ಸುಮಾರು 170 ವೈದ್ಯಕೀಯ ಕೇಂದ್ರಗಳಿವೆ, ನೋಂದಾಯಿತರು 90 ಲಕ್ಷದಷ್ಟು. ರಕ್ತನಾಳ ವಿಭಾಗಕ್ಕೆ ಬರುವವರಲ್ಲಿ ವಯಸ್ಸಾದ ಗಂಡಸರೇ ಹೆಚ್ಚು, ಅವರಲ್ಲಿ ಹಲವರು ಸೇನೆಯಲ್ಲಿದ್ದಾಗಲೇ ಸಿಗರೇಟಿಗೆ ಅಂಟಿಕೊಂಡವರು, ಹಲವರಿಗೆ ಮಧುಮೇಹ. ರಕ್ತನಾಳ ಕೆಡಲು ಬೇಕಾದ ಕಾರಣಗಳೆಲ್ಲ ಒಂದೇ ದೇಹದಲ್ಲಿ ಸೇರಿರುತ್ತವೆ. ಕೆಲಸ ಕಲಿಯಲು ಇದಕ್ಕಿಂತ ಕಠಿಣವಾದ, ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅರ್ಹತೆ ಮತ್ತು ಅರ್ಜಿ

ಮೊದಲು ಸಿಎಎಎಚ್‌ಇಪಿ ಎಂಬ ಸಂಸ್ಥೆಯ ಮಾನ್ಯತೆಯಿರುವ ಕಾಲೇಜಿನಲ್ಲಿ ಸೋನೋಗ್ರಫಿ (ಅಲ್ಟ್ರಾಸೌಂಡ್) ಅಥವಾ ರಕ್ತನಾಳ ತಂತ್ರಜ್ಞಾನದ ಕೋರ್ಸ್ ಮುಗಿಸುವುದು ನೇರ ದಾರಿ. ಆಮೇಲೆ ಎಆರ್‌ಡಿಎಂಎಸ್ ಎಂಬ, ಅಲ್ಟ್ರಾಸೌಂಡ್ ತಂತ್ರಜ್ಞರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಎರಡು ಪರೀಕ್ಷೆಗಳಿವೆ. ಒಂದು ಎಸ್‌ಪಿಐ, ಅಂದರೆ ಶಬ್ದತರಂಗಗಳ ಭೌತಶಾಸ್ತ್ರ. ಇನ್ನೊಂದು ರಕ್ತನಾಳದ ವಿಷಯ ಪರೀಕ್ಷೆ. ಐದು ವರ್ಷದೊಳಗೆ ಎರಡನ್ನೂ ದಾಟಿದರೆ ಆರ್‌ವಿಟಿ (ನೋಂದಾಯಿತ ರಕ್ತನಾಳ ತಂತ್ರಜ್ಞ) ಎಂಬ ಪದವಿ ಹೆಸರಿನ ಮುಂದೆ ಬರುತ್ತದೆ. ಸಿಸಿಐ ಸಂಸ್ಥೆ ಕೊಡುವ ಆರ್‌ವಿಎಸ್ ಪ್ರಮಾಣಪತ್ರಕ್ಕೂ ಮಾನ್ಯತೆಯಿದೆ. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ (ವೈದ್ಯರ ತರಬೇತಿ ಹುದ್ದೆ) ಸಿಗದೆ ಈ ಕಡೆ ತಿರುಗುವವರಿದ್ದಾರೆ. ವಿದೇಶಿ ವೈದ್ಯ ಪದವೀಧರರಿಗೆ ಪ್ರತ್ಯೇಕ ದಾರಿಯೇನೋ ಇದೆ. ಆದರೆ ಪದವಿಯೊಂದೇ ಸಾಲದು, ಸ್ವತಃ ಸ್ಕ್ಯಾನ್ ಮಾಡಿದ ಅನುಭವಕ್ಕೆ ದಾಖಲೆ ಬೇಕು.

ಭೌತಶಾಸ್ತ್ರವನ್ನು ಬಾಯಿಪಾಠ ಮಾಡಿ ಪಾಸಾಗಬಹುದು. ಹಾಗೆ ಪಾಸಾದವರು ಕತ್ತಿನ ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ವಿಎ ಹುದ್ದೆಗಳು ಯುಎಸ್‌ಎಜಾಬ್ಸ್ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಹುಡುಕುವಾಗ ಅಲ್ಟ್ರಾಸೌಂಡ್ ಎಂಬ ಪದದ ಜೊತೆಗೆ 0649 ಎಂಬ ಶ್ರೇಣಿ ಸಂಖ್ಯೆಯನ್ನೂ ಹಾಕಿ. ಸರ್ಕಾರದ ಕಡತದಲ್ಲಿ ಹುದ್ದೆಯ ಹೆಸರು ವೈದ್ಯಕೀಯ ಉಪಕರಣ ತಂತ್ರಜ್ಞ ಎಂದಿರುವುದುಂಟು. ಅರ್ಜಿಯಲ್ಲಿ ಹಿಂದಿನ ಪ್ರತಿ ಕೆಲಸಕ್ಕೂ ವಾರಕ್ಕೆ ಎಷ್ಟು ಗಂಟೆ ದುಡಿದಿರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆಯಲೇಬೇಕು. ಅಮೆರಿಕದ ಪೌರತ್ವ ಸಾಮಾನ್ಯ ನಿಯಮ. ಅರ್ಹ ಪೌರರು ಸಿಗದಿದ್ದಾಗ ಮಾತ್ರ ಇತರರಿಗೆ ಅವಕಾಶ. ಗ್ರೀನ್ ಕಾರ್ಡ್‌ಗಾಗಿ ಕಾಯುತ್ತಿರುವ ಕನ್ನಡಿಗರು ಇದನ್ನು ಮೊದಲೇ ಗಮನಿಸಿದರೆ ವೃಥಾ ಶ್ರಮ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ನೀವಿರುವ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದರೂ ಕೇಂದ್ರ ಸರ್ಕಾರದ ಕೆಲಸಕ್ಕೆ ಅದು ನಿಷಿದ್ಧವೇ.

ರೋಗಿ ಬರುವ ಮುನ್ನ

ಕೋರಿಕೆ ಚೀಟಿಯನ್ನು ಓದಿ ಅಲ್ಲಿಗೇ ನಿಲ್ಲಿಸಬೇಡಿ. "ಕಾಲು ನೋವು" ಎಂದಷ್ಟೇ ಬರೆದಿರುತ್ತದೆ. ನಡೆದಾಗ ನೋವೇ, ಮಲಗಿದಾಗ ನೋವೇ, ಊತವೇ, ಹುಣ್ಣೇ? ಒಂದೊಂದಕ್ಕೂ ಪರೀಕ್ಷೆ ಬೇರೆ. ವಿಎಯ ಹಳೆಯ ಗಣಕ ವ್ಯವಸ್ಥೆಯಾದ ವಿಸ್ಟಾ ಮತ್ತು ಅದರ ಮುಖವಾದ ಸಿಪಿಆರ್‌ಎಸ್ ನೋಡಲು ಚೆಂದವಿಲ್ಲ, ಆದರೆ ದಶಕಗಳ ಟಿಪ್ಪಣಿಗಳು ಒಂದೇ ಕಡೆ ಸಿಗುತ್ತವೆ. 2020ರಿಂದ ಕೆಲವು ಆಸ್ಪತ್ರೆಗಳು ಹೊಸ ವ್ಯವಸ್ಥೆಗೆ ಬದಲಾಗುತ್ತಿವೆ. ಯಾವುದೇ ಇರಲಿ, ಮೂರು ವಿಷಯ ಹುಡುಕಿ: ಹಿಂದಿನ ಸ್ಕ್ಯಾನ್‌ನ ಅಂಕಿಗಳು, ಹಿಂದಿನ ಶಸ್ತ್ರಚಿಕಿತ್ಸೆಯ ವಿವರ, ಯುದ್ಧದ ಗಾಯದ ಉಲ್ಲೇಖ.

ಕೊನೆಯದು ಉಳಿದ ಆಸ್ಪತ್ರೆಗಳಲ್ಲಿ ಅಷ್ಟಾಗಿ ಎದುರಾಗದ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಅಪಧಮನಿಗೆ ಗುಂಡು ತಗುಲಿದರೆ ವೈದ್ಯರು ಅದನ್ನು ಕಟ್ಟಿಬಿಡುತ್ತಿದ್ದರು. ಶಸ್ತ್ರಚಿಕಿತ್ಸಕರಾದ ಡಿಬೇಕಿ ಮತ್ತು ಸಿಮಿಯೋನ್ 1946ರಲ್ಲಿ ಪ್ರಕಟಿಸಿದ 2471 ಪ್ರಕರಣಗಳ ವಿವರದಲ್ಲಿ, ನಾಳ ಕಟ್ಟಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕೈ ಅಥವಾ ಕಾಲು ಕಳೆದುಕೊಂಡಿದ್ದರು. ಕೊರಿಯಾ ಯುದ್ಧದಲ್ಲಿ ನಾಳವನ್ನು ಹೊಲಿದು ಸರಿಪಡಿಸುವ ಪದ್ಧತಿ ಬಂತು, ವಿಯೆಟ್ನಾಂನಲ್ಲಿ ಅದು ರೂಢಿಯಾಯಿತು, ಅಂಗಚ್ಛೇದದ ಪ್ರಮಾಣ ಶೇಕಡಾ 13ರ ಆಸುಪಾಸಿಗೆ ಇಳಿಯಿತು. ಅದರ ಫಲವಾಗಿ ಇಂದು ನಿಮ್ಮ ಮಂಚದ ಮೇಲೆ ಮಲಗುವ ವಿಯೆಟ್ನಾಂ ಯೋಧನ ತೊಡೆಯಲ್ಲಿ ಐವತ್ತು ವರ್ಷ ಹಳೆಯ ಕಸಿ ನಾಳ ಇರಬಹುದು. ಅದಕ್ಕಾಗಿ ಇನ್ನೊಂದು ಕಾಲಿನ ಸಫೀನಸ್ ಎಂಬ, ಚರ್ಮದಡಿಯ ಉದ್ದನೆಯ ಅಭಿಧಮನಿಯನ್ನು ತೆಗೆದಿರಬಹುದು. ಅದು ಗೊತ್ತಿಲ್ಲದೆ ಇಲ್ಲದ ನಾಳವನ್ನು ಹುಡುಕುತ್ತ ಕೂರಬೇಕಾಗುತ್ತದೆ. ಮಾಂಸದೊಳಗೆ ಉಳಿದ ಲೋಹದ ಚೂರು ತನ್ನ ಹಿಂದೆ ಕಪ್ಪು ನೆರಳು ಬೀಳಿಸುತ್ತದೆ. ಅದನ್ನು ನಾಳದ ಗೋಡೆಯಲ್ಲಿ ಸುಣ್ಣಗಟ್ಟಿದ ಕೊಬ್ಬಿನ ಗಡ್ಡೆ ಎಂದು ಬರೆದುಬಿಡುವ ಅಪಾಯವೂ ಇದೆ.

ಮಾತು ಮತ್ತು ಸ್ಪರ್ಶ

ಅಲ್ಟ್ರಾಸೌಂಡ್ ಕೊಠಡಿ ಮಬ್ಬು ಬೆಳಕಿನದು. ಅಪರಿಚಿತರೊಬ್ಬರು ಕತ್ತಲಲ್ಲಿ ತಲೆಯ ಹಿಂಬದಿಯಿಂದ ಕೈ ಚಾಚಿ ಕತ್ತನ್ನು ಒತ್ತುತ್ತಾರೆ. ಯುದ್ಧದ ಆಘಾತವನ್ನು ಇನ್ನೂ ಹೊತ್ತಿರುವ ಮನುಷ್ಯನಿಗೆ ಇದು ಏನು ಮಾಡಬಹುದೆಂದು ಊಹಿಸಿ. ಆದ್ದರಿಂದ ಕ್ರಮ ಹೀಗಿರಲಿ. ಪೂರ್ಣ ಹೆಸರು, ಹುಟ್ಟಿದ ದಿನಾಂಕ ಕೇಳಿ ಖಚಿತಪಡಿಸಿಕೊಂಡ ಮೇಲೆ, ದೀಪ ಉರಿಯುತ್ತಿರುವಾಗಲೇ ಇಡೀ ಪರೀಕ್ಷೆಯನ್ನು ವಿವರಿಸಿ. ಬಾಗಿಲು ಅವರ ಕಣ್ಣಿಗೆ ಕಾಣುವಂತೆ ಮಲಗಿಸಿ. ದೀಪ ಆರಿಸುವ ಮೊದಲು ಹೇಳಿ, ಮುಟ್ಟುವ ಮೊದಲು ಹೇಳಿ, ರಕ್ತದೊತ್ತಡದ ಪಟ್ಟಿಗೆ ಗಾಳಿ ತುಂಬುವ ಮೊದಲು ಹೇಳಿ. ರಕ್ತದ ಹರಿವನ್ನು ಅಳೆದು ಕೇಳಿಸುವ ಡಾಪ್ಲರ್‌ನ ಬುಸ್ ಬುಸ್ ಸದ್ದು ಏಕಾಏಕಿ ಹೊಮ್ಮದಂತೆ ಧ್ವನಿಯನ್ನು ಮೊದಲೇ ತಗ್ಗಿಸಿಡಿ. ನಿದ್ದೆ ಹೋದವರನ್ನು ತಟ್ಟಿ ಎಬ್ಬಿಸಬೇಡಿ, ದೂರದಿಂದ ಹೆಸರು ಕರೆಯಿರಿ.

ಕಿವಿಯಲ್ಲಿ ಮೊರೆತ ಮತ್ತು ಶ್ರವಣದೋಷ ಮಾಜಿ ಸೈನಿಕರಲ್ಲಿ ಅತಿ ಸಾಮಾನ್ಯ. ಪರದೆಯ ಕಡೆ ಮುಖ ಮಾಡಿಕೊಂಡು "ಉಸಿರು ಹಿಡಿಯಿರಿ" ಎಂದರೆ ಅವರಿಗೆ ಕೇಳಿಸುವುದಿಲ್ಲ. ನಮ್ಮಲ್ಲಿ ಹಿರಿಯರನ್ನು ಅಜ್ಜ, ತಾತ ಎಂದರೆ ಅಕ್ಕರೆ. ಅಲ್ಲಿ "ಸರ್", "ಮ್ಯಾಮ್" ಅಥವಾ ಮನೆತನದ ಹೆಸರು ಸಲ್ಲುತ್ತದೆ. ಮಹಿಳಾ ಯೋಧರೂ ಇದ್ದಾರೆ. ಕಾಯುವ ಕೋಣೆಯಲ್ಲಿ ಹೆಂಗಸನ್ನು ಕಂಡು "ನಿಮ್ಮ ಗಂಡ ಎಲ್ಲಿ?" ಎಂದು ಕೇಳುವುದು ಅಕ್ಷಮ್ಯ.

ಕೃತಕ ಕಾಲು ಧರಿಸಿದವರಾದರೆ ಅದನ್ನು ತೆಗೆಯಲು ಅವರಿಗೇ ಬಿಡಿ, ಕೇಳಿದರೆ ಮಾತ್ರ ನೆರವಾಗಿ. ಕತ್ತರಿಸಿದ ಮೇಲೆ ಉಳಿದ ಕಾಲಿನ ತುದಿಯ ಚರ್ಮ ಸೂಕ್ಷ್ಮವಾಗಿರುತ್ತದೆ. ಪ್ರೋಬ್ ಹಗುರವಾಗಿರಲಿ, ಜೆಲ್ ಬೆಚ್ಚಗಿರಲಿ.

ಕತ್ತಿನ ಅಪಧಮನಿ: ಕೋನದ ಲೆಕ್ಕ

ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಎಷ್ಟು ಕಿರಿದಾಗಿದೆ ಎಂದು ತಿಳಿಯುವುದು ಇಲ್ಲಿಯ ಉದ್ದೇಶ. ಕಿರಿದಾದಲ್ಲಿ ರಕ್ತ ಜೋರಾಗಿ ಓಡುತ್ತದೆ, ಆ ವೇಗವನ್ನು ಡಾಪ್ಲರ್ ಅಳೆಯುತ್ತದೆ. ಮೊದಲು ಅಡ್ಡ ನೋಟದಲ್ಲಿ ಕತ್ತಿನ ಬುಡದಿಂದ ದವಡೆಯವರೆಗೆ, ಹರಿವನ್ನು ತೋರಿಸುವ ಡಾಪ್ಲರ್ ಬಣ್ಣವಿಲ್ಲದೆ ಸಾಗಿ, ಕೊಬ್ಬಿನ ಪದರ ಎಲ್ಲಿದೆ ನೋಡಿ. ಬಳಿಕ ಉದ್ದ ನೋಟ. ಆಮೇಲೆ ಬಣ್ಣ. ಕೊನೆಗೆ ವೇಗದ ಅಳತೆ. ಹೊಸಬರು ಆರಂಭದಲ್ಲೇ ಬಣ್ಣ ಹಾಕಿಬಿಡುತ್ತಾರೆ. ಬಣ್ಣ ಉಕ್ಕಿ ಗೋಡೆಯ ಮೇಲೆ ಹರಡಿ ಕೊಬ್ಬನ್ನೇ ಮುಚ್ಚಿಬಿಡುತ್ತದೆ.

2003ರಲ್ಲಿ ಪ್ರಕಟವಾದ ಅಮೆರಿಕದ ತಜ್ಞರ ಒಮ್ಮತದ ಪ್ರಕಾರ ಒಳ ಕೆರೋಟಿಡ್‌ನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಶೇಕಡಾ 50ರಿಂದ 69ರ ಇಕ್ಕಟ್ಟು, 230 ದಾಟಿದರೆ 70 ಅಥವಾ ಅದಕ್ಕಿಂತ ಹೆಚ್ಚು. ಮೊದಲನೆಯ ಮಿತಿ ತೀರಾ ಸಡಿಲವೆಂಬ ಆಕ್ಷೇಪ ಬಂದು, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಐಎಸಿ ಸಂಸ್ಥೆ 2021ರಲ್ಲಿ ಅದನ್ನು ಬಿಗಿಗೊಳಿಸಲು ಸೂಚಿಸಿತು. ನಿಮ್ಮ ಪ್ರಯೋಗಾಲಯ ಯಾವ ಕೋಷ್ಟಕವನ್ನು ಬಳಸುತ್ತದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಈಗ ಭೌತಶಾಸ್ತ್ರ. ಯಂತ್ರ ವೇಗವನ್ನು ಲೆಕ್ಕ ಹಾಕಲು ಶಬ್ದದ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಕೋನ ಬೇಕು. ಆ ಕೋನವನ್ನು ಯಂತ್ರಕ್ಕೆ ಹೇಳುವುದು ನೀವು, ಪರದೆಯ ಮೇಲಿನ ಪುಟ್ಟ ಗೆರೆಯನ್ನು ತಿರುಗಿಸಿ. ನಿಜವಾದ ಕೋನ 60 ಡಿಗ್ರಿ, ನಿಜವಾದ ವೇಗ 200 ಎಂದುಕೊಳ್ಳಿ. ನೀವು ಗೆರೆಯನ್ನು 65ಕ್ಕೆ ಇಟ್ಟರೆ ಯಂತ್ರ ತೋರಿಸುವುದು ಸುಮಾರು 237. ಐದು ಡಿಗ್ರಿಯ ಅಲಕ್ಷ್ಯದಿಂದ ಮಧ್ಯಮ ಇಕ್ಕಟ್ಟಿನ ರೋಗಿ ತೀವ್ರ ಇಕ್ಕಟ್ಟಿನ ಪಟ್ಟಿಗೆ ಜಾರುತ್ತಾನೆ, ಶಸ್ತ್ರಚಿಕಿತ್ಸೆಯ ಮಾತು ಶುರುವಾಗುತ್ತದೆ. ಇದೇ ಐದು ಡಿಗ್ರಿಯ ತಪ್ಪು 30 ಡಿಗ್ರಿಯಲ್ಲಾದರೆ ವ್ಯತ್ಯಾಸ ಶೇಕಡಾ 6ರಷ್ಟು ಮಾತ್ರ, 70ರಲ್ಲಾದರೆ ಶೇಕಡಾ 32. ಹಾಗಾಗಿ ಕೋನ 60ನ್ನು ಮೀರಕೂಡದು. ನಾಳ ಹೊಂದದಿದ್ದರೆ ಪ್ರೋಬ್‌ನ ಒಂದು ತುದಿಯನ್ನು ಒತ್ತಿ ಓರೆ ಮಾಡಿ, ಕಿರಣದ ದಿಕ್ಕು ಬದಲಿಸಿ, ಕತ್ತನ್ನು ಸ್ವಲ್ಪ ತಿರುಗಿಸಲು ಹೇಳಿ. ಹಿಂದಿನ ಸ್ಕ್ಯಾನ್ ಯಾವ ಕೋನದಲ್ಲಿ ಆಗಿತ್ತೋ ಅದೇ ಕೋನದಲ್ಲಿ ಅಳೆದರೆ ಮಾತ್ರ ಎರಡು ವರ್ಷಗಳ ಅಂಕಿಗಳನ್ನು ಹೋಲಿಸಬಹುದು. ವೇಗ ಅಳೆಯಲು ಪರದೆಯ ಮೇಲೆ ಇಡುವ ಅಳತೆಯ ಕಿಂಡಿ ನಾಳದ ನಡುವೆ ಚಿಕ್ಕದಾಗಿರಲಿ, ಇಕ್ಕಟ್ಟಿನ ಉದ್ದಕ್ಕೂ ಅದನ್ನು ನಿಧಾನವಾಗಿ ಸರಿಸುತ್ತಾ ಅತಿ ಹೆಚ್ಚು ವೇಗವಿರುವ ಜಾಗವನ್ನು ಹುಡುಕಿ. ಒಂದೇ ಕಡೆ ಅಳೆದು ಮುಂದೆ ಹೋಗುವುದು ಸೋಮಾರಿತನ.

ಸುಣ್ಣಗಟ್ಟಿದ ಗಡ್ಡೆಯ ನೆರಳಿನಡಿ ನಾಳವೇ ಕಾಣದಿದ್ದರೆ ಊಹಿಸಿ ಬರೆಯಬೇಡಿ. ನೆರಳಿನ ಆಚೆಗಿನ ಹರಿವು ಕಲಕಿದಂತಿದೆಯೇ, ತರಂಗದ ಏರು ಮಂದವಾಗಿದೆಯೇ ಎಂದು ದಾಖಲಿಸಿ, ಇಷ್ಟು ಉದ್ದ ಕಾಣಲಿಲ್ಲ ಎಂದು ನಮೂದಿಸಿ.

ಕಾಲಿನ ಅಪಧಮನಿ: ಸಕ್ಕರೆ ಕಾಯಿಲೆಯ ಮೋಸ

ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತಕ್ಕೆ ಎಬಿಐ ಎನ್ನುತ್ತಾರೆ. ರೋಗಿ ಹತ್ತು ನಿಮಿಷ ಅಂಗಾತ ಮಲಗಿ ವಿಶ್ರಮಿಸಲಿ. ಎರಡೂ ತೋಳು, ಎರಡೂ ಕಣಕಾಲಿಗೆ ಸರಿಯಾದ ಅಗಲದ ಪಟ್ಟಿ ಕಟ್ಟಿ. ಅಗಲವು ಅಂಗದ ಸುತ್ತಳತೆಯ ಶೇಕಡಾ 40ರಷ್ಟಿರಬೇಕು. ಪೆನ್ನಿನಂಥ ಡಾಪ್ಲರ್‌ನಿಂದ ಪಾದದ ಮೇಲಿನ ನಾಳ, ಕಣಕಾಲಿನ ಒಳಬದಿಯ ನಾಳ ಎರಡರ ಸದ್ದನ್ನೂ ಹಿಡಿಯಿರಿ. ಸದ್ದು ಅಡಗಿದ ಮೇಲೂ 20ರಿಂದ 30 ಅಂಕ ಮೇಲಕ್ಕೆ ಗಾಳಿ ತುಂಬಿ, ನಿಧಾನ ಇಳಿಸುತ್ತಾ ಸದ್ದು ಮರಳುವ ಅಂಕವನ್ನು ಬರೆದುಕೊಳ್ಳಿ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಅಪಧಮನಿ, ಅಭಿಧಮನಿಗಳ ಜೋಡಣೆ) ಮಾಡಿರುವ ತೋಳಿಗೆ, ಹೊಸ ಬೈಪಾಸ್ ಇರುವ ಜಾಗಕ್ಕೆ ಪಟ್ಟಿ ಕಟ್ಟುವಂತಿಲ್ಲ.

ಉದಾಹರಣೆಗೆ ತೋಳುಗಳಲ್ಲಿ 148 ಮತ್ತು 140, ಬಲ ಕಣಕಾಲಿನಲ್ಲಿ 96 ಮತ್ತು 104. ಎರಡೂ ಕಡೆ ಹೆಚ್ಚಿನದನ್ನು ತೆಗೆದುಕೊಂಡು 104ನ್ನು 148ರಿಂದ ಭಾಗಿಸಿದರೆ 0.70. ಅನುಪಾತ 1.00ರಿಂದ 1.40 ಸಾಮಾನ್ಯ, 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ನಾಳದ ಕಾಯಿಲೆ.

ಮೋಸವಿರುವುದು 1.40 ದಾಟಿದ ಅಥವಾ ಸಾಮಾನ್ಯವೆನಿಸುವ ಅಂಕಿಯಲ್ಲಿ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಒಡ್ಡಿಕೊಂಡವರ ಎರಡನೇ ಬಗೆಯ ಮಧುಮೇಹವನ್ನು ವಿಎ 2001ರಿಂದ ಸೇವೆಗೆ ಸಂಬಂಧಿಸಿದ ಕಾಯಿಲೆಯೆಂದೇ ಪರಿಗಣಿಸುತ್ತದೆ. ಹೀಗಾಗಿ ಮಧುಮೇಹವಿರುವ ಕಾಲುಗಳು ನಿಮ್ಮ ಮುಂದೆ ಸಾಲುಗಟ್ಟಿ ಬರುತ್ತವೆ. ಮಧುಮೇಹಿಗಳಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಕೊಳವೆಯಂತೆ ಗಡುಸಾಗುತ್ತದೆ, ಪಟ್ಟಿ ಎಷ್ಟು ಬಿಗಿದರೂ ಅಮುಕಲಾಗುವುದಿಲ್ಲ. ಅಂಕಿ ಸುಳ್ಳಾಗಿ ಏರುತ್ತದೆ. ಹೆಬ್ಬೆರಳು ಕಪ್ಪಾಗುತ್ತಿರುವ ಕಾಲಿಗೂ 1.1 ಎಂಬ "ಸಾಮಾನ್ಯ" ಅನುಪಾತ ಬರಬಹುದು. ಆಗ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಬೆರಳಿನ ನಾಳಗಳು ಅಷ್ಟು ಬೇಗ ಗಡುಸಾಗುವುದಿಲ್ಲ. ಅಲ್ಲಿ 30ಕ್ಕಿಂತ ಕಡಿಮೆಯಿದ್ದರೆ ಹುಣ್ಣು ಮಾಯುವ ಭರವಸೆ ಕಡಿಮೆ. ಕಾಲು ಉಳಿಸುವುದಕ್ಕೆಂದೇ ವಿಎಯಲ್ಲಿ ಪೇವ್ ಎಂಬ ಕಾರ್ಯಕ್ರಮವಿದೆ. ಪಾದದ ವೈದ್ಯರು ನಿಮ್ಮ ಈ ಅಂಕಿಗಾಗಿ ಕಾಯುತ್ತಿರುತ್ತಾರೆ. ಅನುಪಾತ ಬರೆದು ತರಂಗದ ಚಿತ್ರವನ್ನು ಬಿಟ್ಟ ವರದಿ ಇಂಥ ಕಾಲಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಹರಿವು ಪ್ರತಿ ಬಡಿತದಲ್ಲೂ ಹಿಂದೆ ಮುಂದೆ ಆಡುತ್ತಿದೆಯೇ, ಒಂದೇ ದಿಕ್ಕಿಗೆ ಮಂದವಾಗಿ ತೆವಳುತ್ತಿದೆಯೇ ಎಂಬುದು ಚಿತ್ರದಲ್ಲಿದೆ.

ಕುಳಿತಾಗ ಎಲ್ಲ ಸರಿ, ನಡೆದರೆ ಮಾತ್ರ ಮೀನಖಂಡ ಹಿಡಿಯುತ್ತದೆ ಎನ್ನುವವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ಅಳೆಯಬೇಕು. ಟ್ರೆಡ್‌ಮಿಲ್ ಹತ್ತಲಾಗದವರು ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ.

ಹೊಟ್ಟೆಯ ಮಹಾಪಧಮನಿ

65ರಿಂದ 75 ವರ್ಷದೊಳಗಿನ, ಯಾವಾಗಲಾದರೂ ಧೂಮಪಾನ ಮಾಡಿದ್ದ ಗಂಡಸರಿಗೆ ಒಮ್ಮೆ ಈ ಸ್ಕ್ಯಾನ್ ಮಾಡಬೇಕೆಂಬುದು ಅಮೆರಿಕದ ಶಿಫಾರಸು. ಅಂದರೆ ವಿಎಯ ಕಾಯುವ ಕೋಣೆಯ ದೊಡ್ಡ ಪಾಲು. ನಾಳದ ಅಗಲ ಮೂರು ಸೆಂಟಿಮೀಟರ್ ಮುಟ್ಟಿದರೆ ಅದು ಉಬ್ಬು. ಗಂಡಸರಲ್ಲಿ 5.5 ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಯೋಚನೆ. ಈ ಐದೂವರೆಯ ಹಿಂದಿನ ಮುಖ್ಯ ಪುರಾವೆಗಳಲ್ಲಿ ಒಂದು ವಿಎ ಆಸ್ಪತ್ರೆಗಳಿಂದಲೇ ಬಂದದ್ದು. 2002ರಲ್ಲಿ ಪ್ರಕಟವಾದ ಅಡಾಂ ಅಧ್ಯಯನದಲ್ಲಿ 4.0ರಿಂದ 5.4 ಸೆಂಟಿಮೀಟರ್ ಉಬ್ಬಿದ್ದ 1136 ಮಾಜಿ ಸೈನಿಕರು ಭಾಗವಹಿಸಿದ್ದರು. ತಕ್ಷಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸ್ಕ್ಯಾನ್ ಮಾಡುತ್ತಾ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕಾಯುವುದೇ ಚಿಕಿತ್ಸೆಯಾದಾಗ ಅಳತೆ ಮಾಡುವವರ ಕೈಯೇ ಎಲ್ಲ.

ಆರರಿಂದ ಎಂಟು ಗಂಟೆ ಉಪವಾಸವಿದ್ದು ಬಂದರೆ ಹೊಟ್ಟೆಯ ಗಾಳಿ ಕಡಿಮೆ. ನಾಳದ ಹೊರ ಅಂಚಿನಿಂದ ಹೊರ ಅಂಚಿಗೆ, ಮುಂದಿನಿಂದ ಹಿಂದಕ್ಕೆ, ನಾಳದ ಅಕ್ಷಕ್ಕೆ ನೇರ ಲಂಬವಾಗಿ ಅಳೆಯಿರಿ. ವಯಸ್ಸಾದವರಲ್ಲಿ ನಾಳ ಡೊಂಕಾಗಿರುತ್ತದೆ. ಓರೆಯಾಗಿ ಕತ್ತರಿಸಿದ ಬಾಳೆದಿಂಡು ನಿಜಕ್ಕಿಂತ ಅಗಲ ಕಾಣುವ ಹಾಗೆ ಅಡ್ಡ ನೋಟದ ಅಳತೆ ಉಬ್ಬಿ ಬರುತ್ತದೆ. ಒಳಗೆ ಹೆಪ್ಪುಗಟ್ಟಿದ ಪದರವಿದ್ದರೆ ರಕ್ತ ಹರಿಯುವ ದಾರಿಯನ್ನಷ್ಟೇ ಅಳೆದು ಮೋಸಹೋಗಬೇಡಿ. ಮರುಪರೀಕ್ಷೆಯ ಅಂತರವೂ ಈ ಅಂಕಿಯಿಂದಲೇ ನಿರ್ಧಾರವಾಗುತ್ತದೆ: ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘದ 2018ರ ಸೂಚನೆಯಂತೆ 3.0ರಿಂದ 3.9ಕ್ಕೆ ಮೂರು ವರ್ಷ, 4.0ರಿಂದ 4.9ಕ್ಕೆ ಒಂದು ವರ್ಷ, 5.0ರಿಂದ 5.4ಕ್ಕೆ ಆರು ತಿಂಗಳು.

ಕಾಲಿನ ಹೆಪ್ಪು

ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಪರೀಕ್ಷೆಯ ತತ್ವ ಸರಳ: ಪ್ರೋಬ್‌ನಿಂದ ಒತ್ತಿದರೆ ಆರೋಗ್ಯದ ನಾಳ ಪೂರ್ತಿ ಮುಚ್ಚಿಕೊಳ್ಳುತ್ತದೆ, ಹೆಪ್ಪಿದ್ದರೆ ಮುಚ್ಚುವುದಿಲ್ಲ. ಮಂಚದಲ್ಲಿ ಕಾಲಿರುವ ಬದಿಯನ್ನು ತಗ್ಗಿಸಿ, ನಾಳಗಳು ತುಂಬಿಕೊಳ್ಳುತ್ತವೆ. ತೊಡೆಸಂದಿನಿಂದ ಕಣಕಾಲಿನವರೆಗೆ ಒಂದೆರಡು ಸೆಂಟಿಮೀಟರಿಗೊಮ್ಮೆ ಅಡ್ಡ ನೋಟದಲ್ಲಿ ಒತ್ತುತ್ತಾ ಬನ್ನಿ. ತೊಡೆಸಂದಿನಲ್ಲಿ ಹರಿವು ಉಸಿರಾಟಕ್ಕೆ ತಕ್ಕಂತೆ ಏರಿಳಿಯಬೇಕು. ಏರಿಳಿತವಿಲ್ಲದೆ ಒಂದೇ ಸಮ ಹರಿಯುತ್ತಿದ್ದರೆ ಕಾಲಿನಲ್ಲಿ ಹೆಪ್ಪು ಕಾಣದಿದ್ದರೂ ಹೊಟ್ಟೆಯೊಳಗೆ ಎಲ್ಲೋ ತಡೆಯಿದೆಯೆಂದು ಅನುಮಾನಿಸಿ. ತುದಿ ತೇಲಾಡುವ ಹೆಪ್ಪು ಕಂಡರೆ ಅಲ್ಲಿ ಮತ್ತೆ ಒತ್ತಬೇಡಿ. ಮಂಡಿಯ ಕೆಳಗೆ ಕಾಲು ಕತ್ತರಿಸಿದವರಲ್ಲೂ ಉಳಿದ ನಾಳದ ತುದಿಯವರೆಗೆ ನೋಡಲೇಬೇಕು, ಹೆಪ್ಪು ಅಲ್ಲೂ ಕಟ್ಟುತ್ತದೆ.

ವರದಿ

ತಂತ್ರಜ್ಞರು ಬರೆಯುವುದು ಪ್ರಾಥಮಿಕ ಟಿಪ್ಪಣಿ, ರೋಗನಿರ್ಣಯ ವೈದ್ಯರದು. "ಏನಾದರೂ ಇದೆಯಾ?" ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಚೆನ್ನಾಗಿದೆ ಎಂದು ಸಮಾಧಾನಪಡಿಸುವುದೂ ನಿರ್ಣಯವೇ, ಹಾಗಾಗಿ ಅದನ್ನೂ ಹೇಳುವಂತಿಲ್ಲ. ವೈದ್ಯರು ನೋಡಿದ ಮೇಲೆ ವರದಿ ಯಾವಾಗ, ಎಲ್ಲಿ ಸಿಗುತ್ತದೆ ಎಂದು ನಿಖರವಾಗಿ ಹೇಳಿ. ಆದರೆ ಹೊಸ ಹೆಪ್ಪು, ಹೊಟ್ಟೆನೋವಿನ ಜೊತೆಗಿರುವ ದೊಡ್ಡ ಉಬ್ಬು, ಮುಚ್ಚಿಹೋದ ಬೈಪಾಸ್ ಕಂಡರೆ ರೋಗಿಯನ್ನು ಮನೆಗೆ ಕಳಿಸದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಯಾರಿಗೆ ಯಾವ ಹೊತ್ತಿಗೆ ತಿಳಿಸಿದಿರಿ ಎಂಬುದನ್ನು ದಾಖಲಿಸಿ.

ಭುಜ, ಮಣಿಕಟ್ಟಿನ ನೋವು ಈ ವೃತ್ತಿಯಲ್ಲಿ ಬಹುಪಾಲು ಜನರನ್ನು ಕಾಡುತ್ತದೆ. ಮಂಚವನ್ನು ಎತ್ತರಿಸಿ, ರೋಗಿಯನ್ನು ನಿಮ್ಮ ಬದಿಯ ಅಂಚಿಗೆ ಸರಿಸಿ, ತೋಳು ದೇಹದಿಂದ 30 ಡಿಗ್ರಿಗಿಂತ ಆಚೆ ಹೋಗದಂತೆ ನೋಡಿಕೊಳ್ಳಿ. ಚಾಚಿದ ಕೈಯ ಕೆಳಗೆ ಟವೆಲ್ ಸುರುಳಿ ಇಟ್ಟರೆ ಭಾರ ಇಳಿಯುತ್ತದೆ. ಮೊಬೈಲ್ ಯಂತ್ರ ತಳ್ಳಿಕೊಂಡು ವಾರ್ಡಿಗೆ ಹೋದಾಗ ಇದಾವುದೂ ಸಾಧ್ಯವಾಗದು. ನಡೆದು ಬರಬಲ್ಲ ರೋಗಿಯನ್ನು ಪ್ರಯೋಗಾಲಯಕ್ಕೇ ಕರೆಸಿ ಎಂದು ವಾರ್ಡಿನವರನ್ನು ಕೇಳಲು ಸಂಕೋಚ ಬೇಡ.

ನಿಮ್ಮ ರೋಗಿಗೆ ಆಮೇಲೆ ಸಿಟಿ ಆಂಜಿಯೋಗ್ರಾಮ್ ಅಥವಾ ಶಸ್ತ್ರಚಿಕಿತ್ಸೆ ಆದರೆ ಅದರ ಫಲಿತಾಂಶವನ್ನು ತೆರೆದು ನಿಮ್ಮ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಮಾನ್ಯತೆಗಾಗಿ ಪ್ರಯೋಗಾಲಯಗಳು ಇಂಥ ಹೋಲಿಕೆಯ ದಾಖಲೆ ಇಡಲೇಬೇಕು. ಆದರೆ ಅದನ್ನು ಮೇಲ್ವಿಚಾರಕರಿಗೆ ಬಿಡದೆ ಸ್ವತಃ ಮಾಡುವುದು ಒಳ್ಳೆಯದು. ಕತ್ತಿನ ನಾಳದಲ್ಲಿ ನಿಮ್ಮ ಅಂದಾಜು ಸದಾ ಒಂದೇ ಕಡೆಗೆ ಹೆಚ್ಚಾಗುತ್ತಿದ್ದರೆ ಮೊದಲು ಕೋನದ ಗೆರೆ ಇಡುವ ನಿಮ್ಮ ಅಭ್ಯಾಸವನ್ನು ಶಂಕಿಸಿ, ಯಂತ್ರವನ್ನು ಆಮೇಲೆ.